ರೋಲಿ ಹಾರ್ಟ್ಲಿಗೆ ಬೇಕಾದ ಡಾಕ್ಟರ ಚೀಟಿ

ಇಂಗ್ಲೆಂಡಿನ ಬರ್ನ್ಲಿಯಲ್ಲಿ ನಮ್ಮ ಬೀದಿಯ ಅರ್ಧಕ್ಕರ್ಧ ಮನೆಗಳಿಗೆ ಹಂಚು ಹೊದಿಸಿದವನು ರೋಲಂಡ್ ಹಾರ್ಟ್ಲಿ. ಎಲ್ಲರ ಬಾಯಲ್ಲೂ ರೋಲಿ. ಮೂವತ್ತನಾಲ್ಕು ವರ್ಷ ಕಲ್ಲುಹಂಚಿನ ಮೇಲೆ ಬೆಕ್ಕಿನ ಹಾಗೆ ಓಡಾಡಿದ ಮನುಷ್ಯ. ನಾನು ಅವನಿಂದ ಮೂರನೆಯ ಮನೆಯವನು, ಆ ಬೀದಿಗೆ ಅಂಚೆ ಹಂಚುತ್ತಿದ್ದವನೂ ನಾನೇ. ಹಾಗಾಗಿ ಅವನಿಗೆ ಬಂದ ಸರ್ಕಾರದ ಕಂದು ಲಕೋಟೆಗಳನ್ನೆಲ್ಲ ಬಾಗಿಲಿಗೆ ತಂದು ಹಾಕಿದ ಪಾಪವೂ ನನ್ನದೇ.

ಐವತ್ತಾರನೆಯ ವಯಸ್ಸಿನಲ್ಲಿ, ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಚರ್ಚಿನ ಮಾಡಿನ ಮೇಲೆ ಕೆಲಸ ಮಾಡುತ್ತಿದ್ದಾಗ ಅವನ ಕಣ್ಣೆದುರು ಊರೇ ಗಿರ್ರನೆ ತಿರುಗಿತು. ಚಿಮಣಿ ತಬ್ಬಿಕೊಂಡು ಮುಕ್ಕಾಲು ಗಂಟೆ ಕಣ್ಣುಮುಚ್ಚಿ ಕೂತಿದ್ದ. ಜೊತೆಗಾರ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದ. ಒಳಕಿವಿಯ ಕಾಯಿಲೆ ಎಂದರು ಡಾಕ್ಟರು. ತಲೆಸುತ್ತು ಯಾವಾಗ ಬರುತ್ತದೆಂದು ಹೇಳಲಾಗದು, ಬಂದರೆ ನೆಲ ಹಿಡಿದು ಮಲಗಬೇಕು, ವಾಂತಿಯಾಗುತ್ತದೆ, ಎರಡು ಮೂರು ಗಂಟೆ ಏಳುವಂತಿಲ್ಲ. ಬಾರದ ದಿನ ಆಸಾಮಿ ಗುಂಡುಕಲ್ಲು. ಏಣಿ ಹತ್ತಬಾರದು, ಗಾಡಿ ಓಡಿಸಬಾರದು ಎಂದು ಹೇಳಿ ಡಾಕ್ಟರ್ ಫಾರೂಕಿ ಒಂದು ಚೀಟಿ ಬರೆದರು: ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ. ಆ ಚೀಟಿ ಭತ್ಯೆ ಕೊಡುವ ಸರ್ಕಾರದ ಇಲಾಖೆಗೆ ಹೋದರೆ ಕಾಯಿಲೆಯ ಭತ್ಯೆ ಬರುತ್ತದೆ. ಚೀಟಿಯ ಅವಧಿ ಮುಗಿದರೆ ಇನ್ನೊಂದು ಚೀಟಿ. ಅಷ್ಟು ಮಾತ್ರ ರೋಲಿಗೆ ಅರ್ಥವಾಗಿತ್ತು.

ಆಮೇಲೆ ಇಲಾಖೆಯವರು ತಪಾಸಣೆಗೆ ಕರೆದರು. ಅವತ್ತು ದುರದೃಷ್ಟಕ್ಕೆ ತಲೆ ನೆಟ್ಟಗಿತ್ತು. ತಪಾಸಣೆಯ ಹೆಂಗಸು ಕಂಪ್ಯೂಟರ್ ನೋಡಿಕೊಂಡೇ, ಕೈ ಎತ್ತುತ್ತೀರಾ, ಪೆನ್ನು ಹಿಡಿಯುತ್ತೀರಾ, ಬಸ್‌ಸ್ಟಾಪಿನವರೆಗೆ ನಡೆಯುತ್ತೀರಾ ಎಂದು ಕೇಳಿದಳಂತೆ. ಎಲ್ಲಕ್ಕೂ ಹೌದು ಎಂದ. ಹೇಗಿದ್ದೀರಿ ಎಂದಾಗ, ಎಲ್ಲರಿಗೂ ಹೇಳುವ ಹಾಗೆ, "ಪರವಾಗಿಲ್ಲಮ್ಮ, ಚೆನ್ನಾಗಿದೀನಿ" ಎಂದುಬಿಟ್ಟ.

ಮೂರು ವಾರಕ್ಕೆ ಕಂದು ಲಕೋಟೆ ಬಂತು. ಅವನ ಹೆಂಡತಿ ನೊರೀನ್ ಬಾಗಿಲಲ್ಲೇ ಓದಿದಳು.

"ಏನಂತೆ?" ಎಂದ ರೋಲಿ.

"ನೀನು ವಾಸಿಯಾಗಿದೀಯಂತೆ ಕಣೋ. ಕಾಯಿಲೆಗೆ ಸೊನ್ನೆ ಅಂಕ. ಕೆಲಸಕ್ಕೆ ಹೋಗ್ಬೇಕಂತೆ."

"ಹೌದಾ?" ಎಂದ ಅವನು. ತಮಾಷೆಗಲ್ಲ. ಸರ್ಕಾರದ ಕಾಗದ ಹೇಳುತ್ತದೆ ಅಂದಮೇಲೆ ತನಗೇ ತಿಳಿಯದ ಹಾಗೆ ವಾಸಿಯಾಗಿರಬಹುದು ಎಂದು ಅವನಿಗೆ ನಿಜವಾಗಿಯೂ ಅನಿಸಿತು.

ಹಾಗಾಗಿ ಮರುದಿನವೇ ಉದ್ಯೋಗ ಕಚೇರಿಗೆ ಹೋದ. ಅಲ್ಲಿದ್ದ ಹುಡುಗಿ ಏನು ಕೆಲಸ ಬರುತ್ತದೆ ಎಂದು ಕೇಳಿದಳು. ಹಂಚು ಹೊದಿಸೋದು ಎಂದ. ನಾಳೆಯೇ ಕೆಲಸ ಸಿಕ್ಕರೆ ಏಣಿ ಹತ್ತುತ್ತೀರಾ ಎಂದಳು. ಡಾಕ್ಟರು ಬೇಡ ಅಂದಿದ್ದಾರೆ ಎಂದ.

"ಹಾಗಾದ್ರೆ ನೀವು ಕಾಯಿಲೆಯವರು. ನಾವು ಹೆಸರು ಬರ್ಕೊಳ್ಳೋಕಾಗಲ್ಲ. ಡಾಕ್ಟರ ಚೀಟಿ ತಗೊಂಡು ಇಲಾಖೆಗೇ ಕಳಿಸಿ."

"ಇಲಾಖೆ ಅಲ್ವಾ ನನ್ನನ್ನ ಇಲ್ಲಿಗೆ ಕಳಿಸಿದ್ದು?"

"ಅದೇನೋ ನನಗೆ ಗೊತ್ತಿಲ್ಲ," ಎಂದಳು.

ಇನ್ನೊಮ್ಮೆ ನೋಡಿ ಎಂದು ಗಂಡಹೆಂಡತಿ ಇಲಾಖೆಗೆ ಬರೆದರು. ಅವರು ಇನ್ನೊಮ್ಮೆ ನೋಡಿ ಅದೇ ಸೊನ್ನೆ ಕೊಟ್ಟರು. ಆಗ ನೊರೀನ್ ಹಟ ಹಿಡಿದು ನ್ಯಾಯಮಂಡಳಿಗೆ ಅಪೀಲು ಹಾಕಿಸಿದಳು. ಅಪೀಲು ಮುಗಿಯುವ ತನಕ ಭತ್ಯೆ ಬರುತ್ತದೆ, ಆದರೆ ಡಾಕ್ಟರ ಚೀಟಿ ಕಳಿಸುತ್ತಲೇ ಇರಬೇಕು ಎಂದು ಇಲಾಖೆಯವರು ಫೋನಿನಲ್ಲಿ ಹೇಳಿದರು.

ದವಾಖಾನೆಯ ಕೌಂಟರಿನಲ್ಲಿ ಜಾನಿಸ್ ಇದ್ದಳು. ರೋಲಿಯ ಜೊತೆ ಒಂದೇ ಶಾಲೆಯಲ್ಲಿ ಓದಿದವಳು.

"ಕೊಡೋಕಾಗಲ್ಲ ರೋಲಿ. ನಿನಗೆ ಇನ್ನು ಚೀಟಿ ಬೇಕಿಲ್ಲ ಅಂತ ಇಲಾಖೆಯೋರೇ ಕಾಗದ ಹಾಕಿದಾರೆ. ನೀನು ಫಿಟ್ಟು."

"ಚೀಟಿ ಬೇಕು ಅಂತ ನಿನ್ನೆ ಅವರೇ ಹೇಳಿದ್ರು ಜಾನಿಸ್."

"ಹಾಗಾದ್ರೆ ಅದನ್ನೇ ಬರೆದು ಕೊಡಿ ಅನ್ನು ಅವರಿಗೆ."

ಇಲಾಖೆಗೆ ಫೋನು ಮಾಡಿದರೆ ಕಾಯಿಸುತ್ತಾ ನಲವತ್ತು ನಿಮಿಷ ಪಿಟೀಲು ಕೇಳಿಸಿದರು. ಕೊನೆಗೆ ಒಬ್ಬ ಸಿಕ್ಕಿ, "ಅಂಥಾ ಕಾಗದ ನಾವು ಕೊಡಲ್ಲ ಸರ್, ಡಾಕ್ಟರಿಗೆಲ್ಲಾ ಗೊತ್ತಿರತ್ತೆ" ಎಂದ. ರೋಲಿ ಮತ್ತೆ ದವಾಖಾನೆಗೆ ಹೋದ. ಮತ್ತೆ ಫೋನು. ಹೀಗೆ ಐದು ವಾರ. ಒಂದು ದಿನ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಇಲಾಖೆಯ ಕಾಗದ, ಡಾಕ್ಟರ ಹಳೆಯ ಚೀಟಿ ಎರಡನ್ನೂ ಮುಂದೆ ಹಿಡಿದ.

"ನೀನು ದಿನಾ ಕಾಗದ ನೋಡೋನು. ಇದರ ಪ್ರಕಾರ ನಾನು ಕಾಯಿಲೆಯೋನಾ, ಅಲ್ವಾ?"

ಎರಡು ಸಲ ಓದಿದೆ. ನನಗೂ ತಿಳಿಯಲಿಲ್ಲ. ನೊರೀನಳನ್ನು ಕೇಳು ಎಂದು ಚೀಲ ಹೆಗಲಿಗೇರಿಸಿ ಹೊರಟುಬಿಟ್ಟೆ. ಆ ಬಗ್ಗೆ ಇವತ್ತಿಗೂ ನಾಚಿಕೆಯಿದೆ.

ಆರನೆಯ ವಾರ ನೊರೀನ್ ತಾನೇ ಅವನ ಜೊತೆ ದವಾಖಾನೆಗೆ ಹೋದಳು. ಜಾನಿಸ್ ಜೊತೆ ಮಾತು ಜೋರಾಯಿತು.

"ಕಾಯಿಲೆ ಇದೆಯೋ ಇಲ್ವೋ ಅಂತ ಕಾಗದ ನೋಡಿ ಹೇಳ್ತೀಯಾ, ಇವನ ಮುಖ ನೋಡಿ ಹೇಳ್ತೀಯಾ?"

"ನನ್ನ ಮೇಲೆ ಯಾಕೆ ಕೂಗ್ತೀಯ ನೊರೀನ್? ಕಂಪ್ಯೂಟರಲ್ಲಿ ಹಾಗೆ ಬಂದಿದೆ, ನಾನೇನು ಮಾಡ್ಲಿ?"

ಅಷ್ಟರಲ್ಲಿ ರೋಲಿ ಕೌಂಟರಿನ ಅಂಚು ಹಿಡಿದ. ಮುಖ ಬೂದಿಯಾಯಿತು. ಹಾಗೇ ಕುಸಿದು ಜಮಖಾನದ ಮೇಲೆ ಕೆನ್ನೆಯೂರಿ ಮಲಗಿದ, ಅಲ್ಲೇ ವಾಂತಿ ಮಾಡಿಕೊಂಡ. ಕಾಯುತ್ತಿದ್ದವರು ಕಾಲು ಮೇಲೆತ್ತಿಕೊಂಡರು. ಕೌಂಟರಿನ ಹಿಂದಿಂದ ಓಡಿಬಂದವಳು ಜಾನಿಸೇ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಇರು ರೋಲಿ, ಇರು, ಎಲ್ಲೂ ಬೀಳಲ್ಲ ನೀನು" ಎನ್ನುತ್ತಾ ಒಂದೂವರೆ ಗಂಟೆ ನೆಲದ ಮೇಲೆ ಕೂತಿದ್ದಳು. ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

ಡಾಕ್ಟರ್ ಫಾರೂಕಿ ಇಲಾಖೆಯ ಕಾಗದ ತರಿಸಿ ಓದಿದರು. ತಿರುಗಿಸಿ ಹಿಂಬದಿಯನ್ನೂ ನೋಡಿದರು. ಅಪೀಲಿನ ವಿಷಯ ಎಲ್ಲೂ ಇರಲಿಲ್ಲ.

"ಚೀಟಿ ಬೇಕಿಲ್ಲ ಅಂತ ಇದೆ. ಬರೆಯಕೂಡದು ಅಂತ ಇಲ್ವಲ್ಲ," ಎಂದು ಅವರು ಪೆನ್ನು ತೆಗೆದರು. "ಇದನ್ನ ನಾನು ಮೊದಲೇ ನೋಡ್ಬೇಕಿತ್ತು. ಕ್ಷಮಿಸಿ ಹಾರ್ಟ್ಲಿಯವರೇ."

ಚೀಟಿ ಕಳಿಸಿದರು. ಎಂಟು ದಿನಕ್ಕೆ ಉತ್ತರ ಬಂತು: ಚೀಟಿ ಬರೆದ ದಿನದಿಂದ ಮಾತ್ರ ಇದೆ, ಹಿಂದಿನ ವಾರಗಳದ್ದೆಲ್ಲಿ? ರೋಲಿ ಆ ಕಾಗದ ಹಿಡಿದು ಅಡುಗೆಮನೆಗೆ ಬಂದನಂತೆ. "ಆ ವಾರಗಳಲ್ಲಿ ನಾನು ಏನಾಗಿದ್ದೆ ನೊರೀನ್?" ಎಂದು ಕೇಳಿದನಂತೆ. ಈ ಸಲ ಜಾನಿಸಳೇ ಹಳೆಯ ದಿನಾಂಕ ಹಾಕಿಸಿ ಚೀಟಿ ತಂದು ಮನೆಗೆ ಕೊಟ್ಟುಹೋದಳು. ಟೀ ಕುಡಿಯಲು ಕೂರಲಿಲ್ಲ.

ಏಳು ತಿಂಗಳಾದ ಮೇಲೆ ವಿಚಾರಣೆ. ಒಬ್ಬ ನ್ಯಾಯಾಧೀಶೆ, ಪಕ್ಕದಲ್ಲಿ ಒಬ್ಬ ವಯಸ್ಸಾದ ಡಾಕ್ಟರು. ಕೈ ಎತ್ತಿಸಲಿಲ್ಲ, ಪೆನ್ನು ಹಿಡಿಸಲಿಲ್ಲ. "ಕಳೆದ ಸಲ ತಲೆಸುತ್ತು ಬಂದಾಗ ಎಲ್ಲಿದ್ರಿ?" ಎಂದಷ್ಟೇ ಕೇಳಿದರು ಆ ಡಾಕ್ಟರು.

"ಸ್ನಾನದ ತೊಟ್ಟೀಲಿ," ಎಂದ ರೋಲಿ.

"ಹೇಗೆ ಹೊರಗೆ ಬಂದ್ರಿ?"

ರೋಲಿ ತಲೆ ತಗ್ಗಿಸಿದ. ನೊರೀನ್ ಹೇಳಿದಳು: "ಬರಲಿಲ್ಲ ಸರ್. ನಾನು ನೀರು ಖಾಲಿ ಮಾಡಿ, ಕಂಬಳಿ ಹೊದಿಸಿ, ತೊಟ್ಟಿಯೊಳಗೇ ಮಲಗಿಸಿದೆ. ಊಟದ ಹೊತ್ತಿನವರೆಗೂ ಅಲ್ಲೇ ಇದ್ದ."

ಕಾಲು ಗಂಟೆ ಹೊರಗೆ ಕೂರಿಸಿ ಮತ್ತೆ ಕರೆದು, ಇಲಾಖೆಯ ತೀರ್ಪನ್ನು ತೆಗೆದುಹಾಕಿದ್ದೇವೆ ಎಂದರು. ನೊರೀನ್ ಅತ್ತಳು. ರೋಲಿ ಎದ್ದು ಇಬ್ಬರ ಕೈಯನ್ನೂ ಕುಲುಕಿದ. ಆಚೆ ಬಂದು, "ಅಂದ್ರೆ ಈಗ ನನಗೆ ಮತ್ತೆ ಕಾಯಿಲೆ ಬಂತು ಅಂತಾನಾ?" ಎಂದ.

"ಗೆದ್ದಿದೀಯ ಕಣೋ, ದಡ್ಡ!" ಎಂದಳು.

ಭತ್ಯೆ ನಿಲ್ಲದೆ ಬಂತು. ಇನ್ನು ಚೀಟಿ ಬೇಕಾಗಿಲ್ಲ ಎಂದು ಇಲಾಖೆ ಬರೆಯಿತು. ಅವನು ನಂಬಲಿಲ್ಲ. ಮೂರು ತಿಂಗಳಿಗೊಮ್ಮೆ ತಪ್ಪದೆ ದವಾಖಾನೆಗೆ ಹೋಗುತ್ತಿದ್ದ. ಜಾನಿಸ್ ಬೇಡ ರೋಲಿ ಎಂದರೆ, "ನೀನು ಆವಾಗಲೂ ಹೀಗೇ ಅಂದಿದ್ದೆ" ಎನ್ನುತ್ತಿದ್ದ.

ಆ ಬೇಸಿಗೆಯಲ್ಲಿ ಅವನು ತನ್ನ ಏಣಿಗಳನ್ನು ಹಳೆಯ ಜೊತೆಗಾರನಿಗೆ ಕೊಟ್ಟ. ಗಾಡಿಗೆ ಏರಿಸಲು ನಾನೂ ಕೈ ಹಾಕಿದೆ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ ಅವನು ಫುಟ್‌ಪಾತಿನಲ್ಲಿ ನಿಂತೇ ಇದ್ದ. ಬೇಜಾರಾಯಿತೇ ಎಂದು ಕೇಳಿದೆ.

"ಗೊತ್ತಾಗ್ತಿಲ್ಲ ಕಣೋ," ಎಂದ. ನೊರೀನ್ ಬಂದು ಅವನ ತೋಳು ಹಿಡಿದಳು, ಇಬ್ಬರೂ ಮಾರ್ಕೆಟ್ಟಿನ ಕಡೆ ನಡೆದರು.