ವಾರಿಜಕ್ಕನ ಮುಕ್ಕಾಲು ಗಂಟೆ

ಕತಾರಿನ ದೋಹಾ ಅಲ್ ಜದೀದಾ ಬಡಾವಣೆಯ ನಮ್ಮ ಕಟ್ಟಡದ ಹಳೆಯ ವಿಡಿಯೋ ಗೇಮ್ ಕಾರ್ಟ್ರಿಜ್‌ಗಳಿಗೆಲ್ಲ ವಾರಿಜಕ್ಕನೇ ಡಾಕ್ಟರು. ಒಳಗಿನ, ಅಂಗಿಯ ಗುಂಡಿಯಷ್ಟಗಲದ ಬ್ಯಾಟರಿ ಸತ್ತರೆ ಮಕ್ಕಳು ವರ್ಷಗಟ್ಟಲೆ ಆಡಿ ಉಳಿಸಿಟ್ಟ ಆಟವೆಲ್ಲ ಅಳಿಸಿಹೋಗುತ್ತದೆ. ಅದಕ್ಕೆ ಮೊದಲೇ ಉಪಾಯವಾಗಿ ಹೊಸದನ್ನು ಬೆಸೆಯುವುದು ಅವಳ ವಿದ್ಯೆ. ದೋಸೆ ಹುಯ್ಯುವಾಗ ಅವಳನ್ನು ಹತ್ತು ಸಲ ಕರೆಯುವ ಮನೆ, ಅವಳು ಸೋಲ್ಡರಿಂಗ್ ಐರನ್ ಹಿಡಿದು ಕೋಣೆ ಸೇರಿದೊಡನೆ ಪಿಸುಗುಟ್ಟತೊಡಗುತ್ತದೆ. ಟೀವಿಯ ಏಷ್ಯನ್ ಗೇಮ್ಸ್ ಕೂಡ ಮೂಕವಾಗುತ್ತದೆ. "ಮುಕ್ಕಾಲು ಗಂಟೆ ಯಾರೂ ಬರ್ಬೇಡಿ, ಕೈ ನಡುಗಿದ್ರೆ ಎಲ್ಲ ಖಲಾಸ್!" ಎಂಬುದು ಅವಳ ಕಟ್ಟಪ್ಪಣೆ. ಗಂಡ ತುದಿಗಾಲಲ್ಲಿ ನಡೆದು ತನ್ನ ಚಾ ತಾನೇ ಮಾಡಿಕೊಳ್ಳುತ್ತಾನೆ. ಮೊನ್ನೆ ನಾನು ತಿಳಿಯದೆ ಬಾಗಿಲು ನೂಕಿದೆ. ಹೊಸ ಬ್ಯಾಟರಿ ಆಗಲೇ ಬೆಸೆದಾಗಿತ್ತು. ವಾರಿಜಕ್ಕ ಗೋಡೆಗೊರಗಿ, ಕಾಲು ಚಾಚಿ, ಏನೂ ಮಾಡದೆ ಕೂತಿದ್ದಳು. "ಹತ್ತೇ ನಿಮಿಷದ ಕೆಲಸ ಮಾರಾಯ್ತಿ, ಯಾರಿಗೂ ಹೇಳ್ಬೇಡ" ಎಂದಳು. ನಾನು ಮೆಲ್ಲಗೆ ಬಾಗಿಲೆಳೆದುಕೊಂಡು ಹೊರಗಿದ್ದವರಿಗೆ ಹೇಳಿದೆ: "ಇದು ಕಷ್ಟದ ಕೇಸಂತೆ, ಇನ್ನೂ ಒಂದು ಗಂಟೆ ಬೇಕಂತೆ."