ಗೋಳಿ ಪಲ್ಯದ ಲೆಕ್ಕ

ಮಾಳಿಗೆಯ ಗುಲಾಬಿ ಕುಂಡದಲ್ಲಿ ಇವತ್ತು ಬೆಳಿಗ್ಗೆ ಮೂರು ಗೋಳಿ ಸೊಪ್ಪಿನ ಕಡ್ಡಿ ಕಂಡವು. ಕೆಂಪು ದಂಟು, ಉಬ್ಬಿದ ಪುಟ್ಟ ಎಲೆ. ಕೀಳುವುದೋ, ಬಿಟ್ಟು ಪಲ್ಯಕ್ಕೆ ಬೆಳೆಸುವುದೋ ಎಂದು ನೀರಿನ ಚೆಂಬು ಹಿಡಿದು ನಿಂತೇ ಇದ್ದೆ. ಅಷ್ಟು ಸಣ್ಣ ಗಿಡಕ್ಕೆ ಇಷ್ಟು ಯೋಚನೆ ಯಾಕೆ ಎಂದು ನೀವು ಕೇಳಬಹುದು. ಈ ಗಿಡದ ಜೊತೆ ನನಗೊಂದು ಹಳೆಯ ಜಗಳವಿದೆ. ನಿಜ ಹೇಳಬೇಕೆಂದರೆ ಗಿಡದ ಜೊತೆಗಲ್ಲ, ನಮ್ಮ ಅತ್ತಿಗೆಯ ಜೊತೆ. ಅದೂ ನಾನೊಬ್ಬಳೇ ಆಡಿದ ಜಗಳ.

ನಾಲ್ಕು ವರ್ಷದ ಹಿಂದೆ, ಕುರುಗೋಡಿನ ನಮ್ಮ ಮನೆಯಲ್ಲಿ, ಅಜ್ಜಿಗೆ ಜ್ವರ ಬಂದಿತ್ತು. ಜ್ವರ ಹೋದರೂ ಬಾಯಿರುಚಿ ವಾಪಸು ಬರಲಿಲ್ಲ. ನನಗೆ ಎಲ್ಲವನ್ನೂ ಬರೆದಿಡುವ ಚಟ. ಮಳೆ ಬಂದ ದಿನ, ನಲ್ಲಿ ನೀರು ಬಿಟ್ಟ ದಿನ, ಹಿತ್ತಲಲ್ಲಿ ಮೆಂತ್ಯ ಹಾಕಿದ ದಿನ. ಆಗ ಅಜ್ಜಿ ಉಂಡ ರೊಟ್ಟಿಯನ್ನೂ ಬರೆಯತೊಡಗಿದೆ. ಸೋಮವಾರ ಅರ್ಧ. ಮಂಗಳವಾರ ಅರ್ಧ. ಬುಧವಾರ ಕಾಲು. ನಾನೇ ಬೆಳೆದ ಮೆಂತ್ಯ, ನಾನೇ ಮಾಡಿದ ಪಲ್ಯ, ನಾನೇ ಸುಟ್ಟ ರೊಟ್ಟಿ. ಅಜ್ಜಿ ತಟ್ಟೆ ಸರಿಸಿ, “ಚಲೋ ಮಾಡೀಯವ್ವ, ನನಗ ಬಾಯಿ ಇಲ್ಲ” ಅನ್ನುತ್ತಿದ್ದಳು. ಗಾಜಿನ ಬಳೆ ಮೊಣಕೈತನಕ ಜಾರುತ್ತಿದ್ದವು.

ಅಣ್ಣನ ಮದುವೆಯಾಗಿ ಆಗಿನ್ನೂ ಎರಡು ತಿಂಗಳು. ಅತ್ತಿಗೆ ಸಿರುಗುಪ್ಪ ಕಡೆಯ ಕರೂರಿನವರು. ಭತ್ತದ ಗದ್ದೆಯ ಊರು. ಅಲ್ಲಿ ಕಳೆ ತೆಗೆಯುವ ಹೆಂಗಸರು ಕಿತ್ತದ್ದನ್ನೆಲ್ಲ ಎಸೆಯುವುದಿಲ್ಲವಂತೆ. ತಿನ್ನಲು ಬರುವುದನ್ನು ಉಡಿಯಲ್ಲಿ ಕಟ್ಟಿಕೊಂಡೇ ಮನೆಗೆ ಹೋಗುತ್ತಾರಂತೆ. ಒಂದು ದಿನ ನಾನು ಮೆಂತ್ಯದ ಮಡಿಯಿಂದ ಕಿತ್ತು ಮೂಲೆಗೆ ಎಸೆದಿದ್ದ ಗೋಳಿಯನ್ನು ಅತ್ತಿಗೆ ಉಡಿಗೆ ತುಂಬಿಕೊಂಡರು. ಅದು ಕಸ ಎಂದೆ. “ಬಾಯಿ ಕೆಟ್ಟೋರಿಗೆ ಇದಽ ಪಲ್ಯ” ಅಂದರು. ಸ್ವಲ್ಪ ಹುಳಿ ಇರುವ ಸೊಪ್ಪು. ತೊಗರಿಬೇಳೆ, ಹಸಿಮೆಣಸಿನಕಾಯಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ.

ಅಜ್ಜಿ ಒಂದೂವರೆ ರೊಟ್ಟಿ ಉಂಡಳು. ಬೆರಳು ಚೀಪಿ, ಯಾರು ಮಾಡಿದ್ದು ಎಂದು ಕೇಳಿದಳು.

ನಾನು ಡೈರಿಯಲ್ಲಿ ‘ಒಂದೂವರೆ’ ಎಂದಷ್ಟೇ ಬರೆದೆ. ಯಾವ ಪಲ್ಯ, ಯಾರ ಕೈ ಎಂಬುದನ್ನು ಬಿಟ್ಟೆ. ಮರುದಿನವೂ ಒಂದೂವರೆ. ಅದರ ಮರುದಿನ ಎರಡು. ಅಂಕಿ ಏರಿದರೆ ಖುಷಿಯಾಗಬೇಕಿತ್ತು. ಆದರೆ ಬರೆಯುವಾಗ ಪೆನ್ನು ಒತ್ತಿ ಒತ್ತಿ ಕಾಗದ ಹರಿಯಿತು. ಬಚ್ಚಲಿಗೆ ಹೋಗಲು ಕೈ ಹಿಡಿಯಬೇಕಾದರೂ ಅಜ್ಜಿ ಈಗ ಅತ್ತಿಗೆಯನ್ನೇ ಕೂಗುತ್ತಿದ್ದಳು.

ಮುಂದಿನ ಭಾನುವಾರ ಅತ್ತಿಗೆ ತವರಿಗೆ ಹೋಗಿದ್ದರು. ನಾನು ಕುಡುಗೋಲು ಹಿಡಿದು ಹಿತ್ತಲಿಗೆ ಇಳಿದೆ. ಯಾರಾದರೂ ಕೇಳಿದರೆ ಕಸ ತೆಗೆಯುತ್ತಿದ್ದೇನೆ ಎನ್ನಲು ಮಾತು ಸಿದ್ಧವಿತ್ತು. ಗೋಳಿಯನ್ನೆಲ್ಲ ಕೊಚ್ಚಿ ಚೂರು ಚೂರು ಮಾಡಿ ಅಲ್ಲೇ ಬಿಟ್ಟೆ. ಆ ಹೊತ್ತಿಗೆ ನಲ್ಲಿ ನೀರು ಬಂತು. ಮೆಂತ್ಯಕ್ಕೆಂದು ಮಡಿ ತುಂಬ ಹಾಯಿಸಿದೆ.

ಅಜ್ಜಿ ಮತ್ತೆ ಅರ್ಧ ರೊಟ್ಟಿಗೆ ಬಂದಳು. ಮೊದಲೆರಡು ದಿನ ನನಗೆ ಒಳಗೊಳಗೇ ಸಮಾಧಾನವಾಯಿತು. ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಮೂರನೆಯ ದಿನ ಅಜ್ಜಿ ಎದ್ದು ಕೂರಲಿಲ್ಲ. ಆ ದಿನ ಡೈರಿ ತೆಗೆಯುವ ಧೈರ್ಯ ನನಗಾಗಲಿಲ್ಲ. ಕರೂರಿನಿಂದ ಬಂದ ಅತ್ತಿಗೆ ಪಕ್ಕದವರ ಹಿತ್ತಲೆಲ್ಲ ಹುಡುಕಿ ಹಿಡಿ ಹಿಡಿ ಗೋಳಿ ತಂದು ದಿನ ದೂಡಿದರು.

ಹತ್ತನೆಯ ದಿನ ಅವರೇ ನನ್ನನ್ನು ಹಿತ್ತಲಿಗೆ ಕರೆದರು. ಕೊಚ್ಚಿದ ಒಂದೊಂದು ಚೂರೂ ಬೇರು ಬಿಟ್ಟು, ಇಡೀ ಮಡಿ ಗೋಳಿಯಾಗಿತ್ತು. ಮೆಂತ್ಯ ಎಲ್ಲಿದೆಯೋ ಕಾಣಲಿಲ್ಲ. ಅತ್ತಿಗೆ ಒಳಗೆ ಹೋಗಿ, ನಿಮ್ಮ ಮೊಮ್ಮಗಳು ನಿಮಗಂತ ಗೋಳಿ ನಾಟ್ಯಾಳ ನೋಡ್ರಿ ಎಂದು ಅಜ್ಜಿಗೆ ಹೇಳಿದರು. ಅಜ್ಜಿ ನನ್ನನ್ನು ಹತ್ತಿರ ಕೂರಿಸಿಕೊಂಡು ತಲೆ ಸವರಿದಳು. ನಾನು ಅಲ್ಲ ಎನ್ನಲಿಲ್ಲ.

ಆಮೇಲೆ ಸೊಪ್ಪು ತೊಳೆಯುತ್ತ, ನನ್ನ ಕಡೆ ತಿರುಗದೆಯೇ ಅತ್ತಿಗೆ ಅಂದರು: “ಇನ್ನೊಮ್ಮಿ ತೆಗಿಯಾದಿದ್ರ ಬೇರು ಸಮೇತ ಕಿತ್ತು ಬಿಸಲಿಗೆ ಒಗಿ. ಕೊಚ್ಚಿದ್ರ ಸಾಯಾಂಗಿಲ್ಲ ಅದು.”

ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಬೈಯಲಿಲ್ಲ. ಅವರ ಕೈರುಚಿಯ ಮೇಲಿದ್ದ ಹೊಟ್ಟೆಕಿಚ್ಚು ಅಂದಿನಿಂದ ಅವರ ಗುಣದ ಮೇಲೂ ಹಬ್ಬಿತು.

ಈಗ ನಾನು ಬಳ್ಳಾರಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಬರುವ ವಾರ ಕಣ್ಣಿನ ಆಪರೇಷನ್ನಿಗೆ ಅಜ್ಜಿ ಬರುತ್ತಾಳೆ. ಎಂಟು ದಿನ ನನ್ನ ಮನೆಯಲ್ಲೇ. ನಾನೊಬ್ಬಳೇ ನೋಡಿಕೊಳ್ಳುತ್ತೇನೆ ಎಂದು ಅಣ್ಣನಿಗೆ ಹೇಳಿ, ದಿನಕ್ಕೊಂದು ಅಡುಗೆಯ ಪಟ್ಟಿಯನ್ನೂ ಬರೆದಿದ್ದೆ. ಇವತ್ತು ಕುಂಡದ ಮುಂದಿನಿಂದಲೇ ಅತ್ತಿಗೆಗೆ ಫೋನು ಹಚ್ಚಿದೆ.

“ಅಜ್ಜಿ ಜೊತಿ ನೀವೂ ಬರ್ರಿ ಅತ್ತಿಗಿ.”

“ಯಾಕ? ಅಡಿಗಿ ಮಾಡಾಕ ಬರತೈತಲ್ಲ ನಿನಗ?”

“ಬರತೈತಿ. ಅಜ್ಜಿ ಉಣ್ಣಬೇಕಲ್ಲ.”

ಅವರು ನಕ್ಕರು, ಬರುತ್ತೇನೆ ಎಂದರು. ನಾನು ಒಳಗೆ ಬಂದು ಪಟ್ಟಿಯಲ್ಲಿ ಎಂಟು ದಿನಗಳ ಪೈಕಿ ಏಳನ್ನು ಅವರ ಹೆಸರಿಗೆ ಬರೆದೆ. ಒಂದನ್ನು ಮಾತ್ರ ಬಿಟ್ಟುಕೊಡಲು ಆಗಲಿಲ್ಲ.