ಅಜ್ಜಿ ಕೇಳಿ ಒಯ್ದ ಪೋಸ್ಟರ್

ಕೊಯಮತ್ತೂರಿನ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎಸ್ಸಿ. ಓದುವಾಗ ಅಲ್ಲಿನ ಕನ್ನಡ ವಿದ್ಯಾರ್ಥಿಗಳ ಸಂಘದ ಪ್ರಚಾರದ ಹೊಣೆ ನಾನು ಹೊತ್ತಿದ್ದೆ. ಹೊತ್ತಿದ್ದೆ ಅನ್ನುವುದಕ್ಕಿಂತ, ಬೇರೆ ಯಾರಿಗೂ ಬಿಟ್ಟುಕೊಡದೆ ಹಿಡಿದುಕೊಂಡಿದ್ದೆ ಅನ್ನಬೇಕು. ದಾವಣಗೆರೆಯಿಂದ ಹೋದವಳು ನಾನು. ಆ ಊರಿನಲ್ಲಿ ಕನ್ನಡದ ಮಾನ ನಿಂತಿರುವುದೇ ನನ್ನಿಂದ ಎಂದು ಮನಸಾರೆ ನಂಬಿದ್ದೆ. ನನ್ನ ಪೋಸ್ಟರಿನಲ್ಲಿ ಒಂದಕ್ಷರ ಇಂಗ್ಲಿಷ್ ಇರುತ್ತಿರಲಿಲ್ಲ, ಅಂಕಿಗಳೂ ಕನ್ನಡದವೇ.

ಕ್ಯಾಂಪಸ್ಸಿನಲ್ಲಿ ಪೋಸ್ಟರ್ ಅಂಟಿಸಬೇಕಾದರೆ ವಿದ್ಯಾರ್ಥಿ ಕಲ್ಯಾಣ ಕಚೇರಿಯ ಸೀಲು ಬೇಕಿತ್ತು. ಸೀಲಿಲ್ಲದ್ದನ್ನು ಸೆಕ್ಯುರಿಟಿಯವರು ಅರ್ಧ ಗಂಟೆಯಲ್ಲಿ ಕಿತ್ತು ಹಾಕುತ್ತಿದ್ದರು. ಕಚೇರಿಯವರಿಗೆ ಕನ್ನಡ ಓದಲು ಬಾರದು, ಆದ್ದರಿಂದ ಪ್ರತಿ ಸಲವೂ ಪೋಸ್ಟರಿನ ಜೊತೆಗೆ ಇಂಗ್ಲಿಷಿನಲ್ಲಿ ಅರ್ಥ ಬರೆದು ಕೊಡುತ್ತಿದ್ದೆ. ಸೀಲಿಗಾಗಿ ಹಾಗೆ ಬರೆಯಲು ನನಗೆ ಯಾವ ಬೇಜಾರೂ ಇರಲಿಲ್ಲ. ಇದನ್ನು ಈಗ ನೆನೆದರೆ ಮೈ ಹಿಡಿಯಾಗುತ್ತದೆ.

ಸಂಘದಲ್ಲಿ ಮಡತ್ತುಕುಳಂ ಕಡೆಯ ಒಬ್ಬಳು ಹುಡುಗಿ ಇದ್ದಳು, ನನಗಿಂತ ಎರಡು ವರ್ಷ ಚಿಕ್ಕವಳು. ತಲೆಮಾರುಗಳ ಹಿಂದೆ ಅಲ್ಲಿ ನೆಲೆನಿಂತ ಒಕ್ಕಲು ಮನೆತನ. ಮನೆಯಲ್ಲಿ ಕನ್ನಡ, ಹೊರಗೆಲ್ಲ ತಮಿಳು. ಅವಳ ಕನ್ನಡ ತಮಿಳಿನ ರಾಗದಲ್ಲಿ ಬರುತ್ತಿತ್ತು. ಅವಳು ಇಲ್ಲದಾಗ ನಾನು ಅದನ್ನು ಅನುಕರಿಸಿ ತೋರಿಸಿ ಗೆಳತಿಯರನ್ನು ನಗಿಸಿದ್ದುಂಟು.

ಸಂಘದ ವಾರ್ಷಿಕ ಕಾರ್ಯಕ್ರಮಕ್ಕೆ ಅವಳ ಅಜ್ಜಿ ಮದುವೆ ಹಾಡು ಹೇಳುವುದೆಂದು ನಿಶ್ಚಯವಾಯಿತು. ಊರಿನ ಯಾವ ಮದುವೆಯಾದರೂ ಆ ಅಜ್ಜಿ ಬಾಯಿಬಿಟ್ಟ ಮೇಲೆಯೇ ಹೆಣ್ಣಿಗೆ ಅರಿಸಿನ ಹಚ್ಚುವುದಂತೆ. ಆದರೆ ಊರಿನಾಚೆ ಎಲ್ಲಿಯೂ ಹಾಡಿದವರಲ್ಲ. ಮೈಕಿನ ಮುಂದೆ ಹಾಡಬೇಕು ಎಂದು ತಿಂಗಳಿನಿಂದ ಮನೆಯಲ್ಲಿ ಅಭ್ಯಾಸ ನಡೆದಿದೆ ಎಂದು ಹುಡುಗಿ ಹೇಳಿದ್ದಳು.

ಪೋಸ್ಟರ್ ತಯಾರಾದ ದಿನ ಅವಳು ಒಂದು ಹಾಳೆ ತಂದು ಸಭೆಯಲ್ಲಿ ನನ್ನ ಮುಂದಿಟ್ಟಳು. ತಮಿಳು ಅಕ್ಷರ. ಓದಿಸಿದರೆ ಮಾತು ಕನ್ನಡವೇ, ನನ್ನ ಪೋಸ್ಟರಿನ ವಿಷಯವೇ.

"ಮನೇಲಿ ನಾಂವು ಹಿಂಗೇ ಬರ್ಯದು ಅಕ್ಕಾ. ಅಜ್ಜಿ ಹಾಡೋ ಪಾಟೆಲ್ಲ ನಾನು ನೋಟಲ್ಲಿ ಹಿಂಗೇ ಎಳುದಿ ಇಟ್ಟೀನಿ. ಇಲ್ಲಿ ನಮ್ಮಂತೋರು ಸುಮಾರು ಜನ ಅವ್ರೆ. ಇದೂ ಒಂದು ಅಂಟಿಸ್ದ್ರೆ ಅವ್ರೂ ಬತ್ತಾರೆ."

"ಇದನ್ನ ಅಂಟಿಸಿದ್ರೆ ನಮ್ಮನ್ನ ನೋಡಿ ಜನ ನಗ್ತಾರೆ ಅಷ್ಟೇ," ಎಂದೆ ನಾನು. "ಕನ್ನಡದ ಕಾರ್ಯಕ್ರಮಕ್ಕೆ ಬರೋರು ಕನ್ನಡ ಕಲ್ತು ಬರ್ಲಿ."

ಸುತ್ತ ಕೂತವರು ನಕ್ಕರು. ಅವಳು "ಸರಿ ಅಕ್ಕಾ" ಎಂದು ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಅವಳು ಬೇರೆಯವರಿಗಾಗಿ ಕೇಳುತ್ತಿದ್ದಾಳೆ ಎಂದು ಅಂದುಕೊಂಡೆ ಎನ್ನುವುದು ನಾನು ಎಷ್ಟೋ ದಿನ ನನಗೇ ಹೇಳಿಕೊಂಡ ಸಮಾಧಾನ. ಅವಳಿಗೂ ಕನ್ನಡ ಅಕ್ಷರ ಓದಲು ಬರುವುದಿಲ್ಲ ಎಂದು ತಿಳಿಯಲು ಒಂದೇ ಒಂದು ಪ್ರಶ್ನೆ ಸಾಕಿತ್ತು. ನಾನು ಕೇಳಲಿಲ್ಲ.

ಕಾರ್ಯಕ್ರಮಕ್ಕೆ ಎರಡು ದಿನ ಇರುವಾಗ ನಮಗೆ ಕೊಟ್ಟಿದ್ದ ಸಭಾಂಗಣವನ್ನು ಯಾವುದೋ ಕಂಪನಿಯವರ ಸಂದರ್ಶನಕ್ಕೆ ಕೊಟ್ಟುಬಿಟ್ಟರು. ನಮ್ಮದು ಮಧ್ಯಾಹ್ನ ಮೂರರ ಬದಲು ಬೆಳಿಗ್ಗೆ ಹನ್ನೊಂದಕ್ಕೆ, ಹಿಂದಿನ ಬ್ಲಾಕಿನ ಸೆಮಿನಾರ್ ಕೊಠಡಿಗೆ ಹೋಯಿತು. ಅದೇ ಪೋಸ್ಟರಿನಲ್ಲಿ ಎರಡು ಸಾಲು ಬದಲಿಸಿ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದೆ. ಬಣ್ಣವೂ ಅದೇ, ಚಿತ್ರವೂ ಅದೇ. ಅಜ್ಜಿಯನ್ನು ಕರೆತರಲು ಊರಿಗೆ ಹೋಗಿದ್ದ ಹುಡುಗಿ ಹೆಬ್ಬೆರಳು ಎತ್ತಿದ ಗುರುತು ಒತ್ತಿದಳು. ಹಳೆಯ ಪೋಸ್ಟರನ್ನೇ ನಾನು ಇನ್ನೊಮ್ಮೆ ಹಾಕಿದ್ದೇನೆ ಎಂದು ಅವಳು ತಿಳಿದಿದ್ದಳು. ಒಂದು ಫೋನ್ ಮಾಡೋಣ ಎಂದು ನನಗೆ ಹೊಳೆಯಲೇ ಇಲ್ಲ.

ಹನ್ನೊಂದಕ್ಕೆ ಅವರು ಬರಲಿಲ್ಲ. ನನಗೆ ಸಿಟ್ಟು ಬಂತು. ಕೊನೆಯ ಗಳಿಗೆಯಲ್ಲಿ ಕೈಕೊಟ್ಟಳು ಎಂದು ಎಲ್ಲರೆದುರೂ ಬೈದೆ. ಫೋನ್ ಹಚ್ಚಿದರೆ ಸಿಗಲಿಲ್ಲ, ಅವರು ಬಸ್ಸಿನಲ್ಲಿದ್ದರು. ಅತಿಥಿಗಳ ಭಾಷಣ ಮುಗಿಯಿತು, ಊಟವಾಯಿತು, ಕೊಠಡಿಯ ಬೀಗದ ಕೈ ವಾಪಸ್ ಕೊಟ್ಟೆವು.

ಎರಡೂವರೆಗೆ ನಾನೂ ಸಂಘದ ಅಧ್ಯಕ್ಷನೂ ಬೋರ್ಡುಗಳಿಂದ ಪೋಸ್ಟರ್ ಬಿಚ್ಚುತ್ತಿದ್ದಾಗ ಗೇಟಿನ ಕಡೆಯಿಂದ ಹುಡುಗಿ ಬಂದಳು. ಜೊತೆಗೆ ಅಜ್ಜಿ. ನೇರಳೆ ಬಣ್ಣದ ರೇಷ್ಮೆ ಸೀರೆ, ತಲೆತುಂಬ ಮಲ್ಲಿಗೆ, ಕಂಕುಳಲ್ಲಿ ನೋಟ್‌ಬುಕ್. ಉಡುಮಲೈ, ಪೊಳ್ಳಾಚಿ ಎಂದು ಬಸ್ಸು ಬದಲಿಸಿ ಬಂದಿದ್ದರು.

"ಪೋಸ್ಟರ್ ನೋಡ್ಲಿಲ್ವಾ ನೀನು?" ಎಂದು ನಾನೇ ಮೊದಲು ರೇಗಿದೆ.

ಅವಳು ಬೋರ್ಡಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ನೋಡ್ದೆ ಅಕ್ಕಾ. ಓದಕ್ಕೆ ಬರಾದಿಲ್ಲ ನಂಗೆ," ಎಂದಳು. ದನಿ ಇಳಿದುಹೋಗಿತ್ತು, ತಪ್ಪು ತನ್ನದೇ ಎನ್ನುವ ಹಾಗೆ.

ಮೊಮ್ಮಗಳ ಮುಖ ನೋಡಿಯೇ ಅಜ್ಜಿಗೆ ಎಲ್ಲ ತಿಳಿಯಿತೆಂದು ಕಾಣುತ್ತದೆ. ನನ್ನ ಕೈ ಹಿಡಿದು, ಮಗುವನ್ನು ಕರೆಯುವ ಹಾಗೆ, "ಪರವಾಯಿಲ್ಲ ಕಣ್ಣು, ಇನ್ನೊಂದು ದಪಾ ಹಾಡದು. ಅಳ್ಬ್ಯಾಡ," ಎಂದರು. ನಾನು ಅಳುತ್ತಿರಲಿಲ್ಲ. ಅಳುವಷ್ಟು ಒಳ್ಳೆಯತನವೂ ಆ ಹೊತ್ತಿನಲ್ಲಿ ನನ್ನಲ್ಲಿ ಇರಲಿಲ್ಲ. ಅವರು ಬೇಗ ಹೊರಟರೆ ಸಾಕು ಎಂದಷ್ಟೇ ಅನ್ನಿಸುತ್ತಿತ್ತು.

ಅಜ್ಜಿ ನನ್ನ ಕೈಯಲ್ಲಿದ್ದ ಪೋಸ್ಟರ್ ನೋಡಿ, "ಇದು ಒಂದು ಕೊಡ್ತೀಯಾ? ಮನೇಲಿ ಗೋಡೆಗೆ ಒಟ್ಟಿಕ್ತೀನಿ," ಎಂದು ಕೇಳಿದರು. ಕೊಟ್ಟೆ. ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು ಮೇಲಿಂದ ಕೆಳಗೆ ನೋಡಿದರು. ಆಮೇಲೆ, "ನನ್ ಪೇರು ಎಲ್ಲೈತೆ ಕಣ್ಣು?" ಎಂದರು.

ಅವರ ಹೆಸರು ಅದರಲ್ಲಿ ಇರಲಿಲ್ಲ. ಅತಿಥಿಗಳ ಹೆಸರಿತ್ತು, ಅಧ್ಯಕ್ಷನ ಹೆಸರಿತ್ತು, ಕೆಳಗೆ ಪ್ರಚಾರ ಎಂದು ನನ್ನ ಹೆಸರಿತ್ತು. ಅಜ್ಜಿಯದು 'ಜಾನಪದ ಗೀತೆಗಳು' ಎಂಬ ಒಂದು ಸಾಲು ಮಾತ್ರ. ಹೆಸರೇನೆಂದು ನಾನು ಕೇಳಿಯೇ ಇರಲಿಲ್ಲ.

"ಇಲ್ಲಿದೆ ಅಜ್ಜಿ," ಎಂದು ಬೆರಳಿಟ್ಟು ತೋರಿಸಿದೆ. ಬೆರಳು ಬಿದ್ದದ್ದು ನನ್ನ ಹೆಸರಿನ ಮೇಲೆ.

ಅಧ್ಯಕ್ಷ ಅತ್ತ ಮುಖ ತಿರುಗಿಸಿದ. ಅಲ್ಲಿ ಓದಬಲ್ಲವರು ನಾವಿಬ್ಬರೇ. ಅಜ್ಜಿ ಆ ಅಕ್ಷರಗಳನ್ನು ಮೆಲ್ಲಗೆ ಸವರಿ, ಬೆರಳನ್ನು ಕಣ್ಣಿಗೊತ್ತಿಕೊಂಡು, ಮೊಮ್ಮಗಳಿಗೂ ತೋರಿಸಿದರು. ಅವಳು ನಕ್ಕು ನನಗೆ "ತ್ಯಾಂಕ್ಸ್ ಅಕ್ಕಾ" ಎಂದಳು.

ಪೋಸ್ಟರನ್ನು ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾರೆ. ಅವಳೇ ಫೋಟೊ ಕಳಿಸಿದಳು. ನಿಜ ಹೇಳಿಬಿಡಬೇಕೆಂದು ಎಷ್ಟೋ ಸಲ ಟೈಪ್ ಮಾಡಿ ಅಳಿಸಿದ್ದೇನೆ. ಎಲ್ಲ ಕಡೆಯೂ ಜನ ಕನ್ನಡ ಓದಬೇಕೆಂದು ಗೋಡೆ ಗೋಡೆಗೆ ಅಂಟಿಸುತ್ತಾ ತಿರುಗಿದವಳು ನಾನು. ಈಗ ಕನ್ನಡ ಓದಬಲ್ಲವರು ಯಾರೂ ಆ ಮನೆಗೆ ಕಾಲಿಡದಿರಲಿ ಎಂದು ಬೇಡಿಕೊಳ್ಳುತ್ತೇನೆ.